ಬಿಡಿಎಸ್‌ಎಂ ಬಗ್ಗೆ ನೆಟ್‌ನಾಗ ಹುಡುಕೋದು: ಕಾಳು ಯಾವ್ದು, ಜೊಳ್ಳು ಯಾವ್ದು

ಗಂಗಾವತಿ ಕಡೆ ರೈಸ್ ಮಿಲ್ ನೋಡ್ದೋರಿಗೆ ಗೊತ್ತಿರ್ತೈತಿ, ಭತ್ತದ ಚೀಲ ಬಂದ ಕೂಡ್ಲೆ ಯಾರೂ ಮ್ಯಾಲಿನ ನಾಕು ಕಾಳು ನೋಡಿ ರೇಟ್ ಹೇಳಂಗಿಲ್ಲ. ಚೂಪನೆ ಕೊಳವಿ ಒಂದನ್ನ ಚೀಲದ ನಡು ಹೊಟ್ಟಿಗೆ ಚುಚ್ಚಿ, ಒಳಗಿನ ಕಾಳು ಅಂಗೈಗೆ ಇಳಿಸ್ಕೊಂಡು, ತಿಕ್ಕಿ, ಬಾಯಿಂದ ಊದಿ ನೋಡ್ತಾರ. ಹಾರಿ ಹೋಗಿದ್ದು ಜೊಳ್ಳು, ಉಳಿದಿದ್ದು ಕಾಳು. ಬಿಡಿಎಸ್‌ಎಂ ಬಗ್ಗೆ ನೆಟ್‌ನಾಗ ಓದೋರಿಗೆ ಆ ಕೊಳವಿ ಯಾವ್ದು ಅಂತ ಹೇಳಾಕ ಇಷ್ಟೆಲ್ಲಾ ಬರೀತಾ ಇದ್ದೀನಿ.

ಹೋದ ಬ್ಯಾಸಿಗಿಯಾಗ ನನ್ನ ಗೆಳೆಯ ಒಬ್ಬ, ಬಳ್ಳಾರಿಯಾಗ ಜೀನ್ಸ್ ಹೊಲಿಯೋ ಯೂನಿಟ್‌ನಾಗ ಕೆಲಸ ಮಾಡ್ತಾನ, ಮದಿವಿ ಆಗಿ ಎರಡು ವರ್ಷ, ಕೋಟೆ ಗುಡ್ಡದ ಕೆಳಗ ಚಾ ಕುಡೀತಾ ಕುಂತಾಗ ಬಾಳ ಹೊತ್ತು ಸುತ್ತಿ ಬಳಸಿ ಕೊನಿಗೆ ವಿಷಯಕ್ಕ ಬಂದ. ತನಗೂ ಹೆಂಡ್ತಿಗೂ ಇದ್ರಾಗ ಆಸಕ್ತಿ ಐತಿ, ಎರಡು ವರ್ಷದಿಂದ ಓದ್ತಾ ಇದ್ದೀನಿ, ಎಲ್ಲಾ ಗೊತ್ತೈತಿ, ಹಗ್ಗ ಯಾವ್ದು ತಗೋಬೇಕು ಅದೊಂದು ಹೇಳು ಅಂದ. ಏನೇನ್ ಓದೀದಿ ತೋರ್ಸು ಅಂದೆ. ಮೂರು ಟೆಲಿಗ್ರಾಂ ಚಾನೆಲ್, ಒಂದು ಕಥಿ ಸೈಟು, ಮುಖಕ್ಕ ಮಾಸ್ಕ್ ಹಾಕ್ಕೊಂಡು ರೀಲ್ಸ್ ಮಾಡೋ ಒಬ್ಬ "ಮಾಸ್ಟರ್". ಕಟ್ಟೋದು ಹೆಂಗ ಅಂತ ಎಲ್ಲಾ ಕಡೆ ಐತಿ, ಕೈ ಜೋಮು ಹಿಡದ್ರ ಏನ್ ಮಾಡ್ಬೇಕು ಅಂತ ಒಂದ್ ಕಡೆನೂ ಇಲ್ಲ, ಬಿಚ್ಚೋದು ಹೆಂಗ ಅಂತಾನೂ ಇಲ್ಲ. ಎರಡು ವರ್ಷ ಓದಿದ್ದು ಪೂರಾ ಚೀಲದ ಮ್ಯಾಲಿನ ಕಾಳು.

ಮೊದ್ಲ ಗೊತ್ತಿಲ್ದೋರಿಗೆ ಒಂದು ಮಾತು. ನಾಕು ಅಕ್ಷರದಾಗ ಆರು ಶಬ್ದ ಅಡಗ್ಯಾವ: ಬಾಂಡೇಜ್, ಡಿಸಿಪ್ಲಿನ್, ಡಾಮಿನೆನ್ಸ್, ಸಬ್‌ಮಿಷನ್, ಸೇಡಿಸಂ, ಮೆಸೋಕಿಸಂ. ಕಟ್ಟೋದು, ಹುಕುಂ ಮಾಡೋದು, ಹುಕುಂ ಕೇಳೋದು, ನೋವು ಕೊಡೋದು, ತಗೊಳ್ಳೋದು, ಇವನ್ನ ಇಬ್ರೂ ಒಪ್ಪಿ, ಮೊದ್ಲ ಮಾತಾಡ್ಕೊಂಡು ಮಾಡೋದು. ಒಪ್ಪಿಗಿ ತಗದ್ರ ಉಳಿಯೋದು ಬರೇ ಹೊಡೆತ. ಇದು 18 ದಾಟಿದವ್ರ ವಿಷಯ, ಚಿಕ್ಕವ್ರು ಇದನ್ನ ಓದ್ತಾ ಇದ್ರ ಇಲ್ಲಿಗೆ ಮುಚ್ಚಿಡ್ರಿ, ಮತ್ತ ದೊಡ್ಡವ್ರು ಯಾರಾದ್ರೂ ನಿಮಗ ಇದನ್ನ "ಕಲಿಸ್ತೀನಿ" ಅಂತ ಬಂದಿದ್ರ ಅದು ಕಲಿಸೋದಲ್ಲ, ಅದು ಪೋಕ್ಸೋ ಕಾಯ್ದೆಗೆ ಬರೋ ಅಪರಾಧ.

ಈಗ ಹುಡುಕೋ ವಿಷಯ. ಕನ್ನಡದಾಗ ಟೈಪ್ ಮಾಡಿ ಹುಡುಕಿದ್ರ ಮೊದ್ಲ ಬರೋದು ಕಥಿ, ಆಮ್ಯಾಲ ವಿಡಿಯೋ, ಅದರ ಪಕ್ಕದಾಗ ಗುಪ್ತರೋಗ ತಜ್ಞರ ಜಾಹೀರಾತು. ಬಸ್ ಸ್ಟ್ಯಾಂಡ್ ಮೂತ್ರಿಖಾನಿ ಗೋಡಿ ಮ್ಯಾಲಿನ ಪೋಸ್ಟರ್ ಈಗ ಫೋನ್ ಒಳಗ ಬಂದೈತಿ ಅಷ್ಟ. ಅದಕ ಬಾಳ ಮಂದಿ ಇಂಗ್ಲಿಷ್ ಪೇಜ್ ತಗದು ಅನುವಾದ ಬಟನ್ ಒತ್ತತಾರ, ಅಲ್ಲಿ ಇನ್ನೊಂದು ತಮಾಷಿ. ಸಬ್ ಅಂದ್ರ ಹುಕುಂ ಕೇಳೋರು, ಅದು "ಉಪ" ಆಗ್ತೈತಿ, ಟಾಪ್ ಅಂದ್ರ ಮಾಡೋರು, ಅದು "ಮೇಲ್ಭಾಗ", ಬಾಟಮ್ ಅಂದ್ರ ಮಾಡಿಸ್ಕೊಳ್ಳೋರು, ಅದು "ಕೆಳಭಾಗ", ಸೀನ್ ಅಂದ್ರ ಇಬ್ರು ಕೂಡಿ ಆಡೋ ಆ ಹೊತ್ತು, ಅದು "ದೃಶ್ಯ" ಆಗಿ ಕುಂದ್ರತೈತಿ. "ಮೇಲ್ಭಾಗವು ಉಪದ ಮಿತಿಗಳನ್ನು ದೃಶ್ಯದ ಮೊದಲು ಸಂಧಾನ ಮಾಡಬೇಕು" ಅಂತ ಓದಿದಾಂವ ಏನ್ ತಿಳ್ಕೋಬೇಕು ಹೇಳ್ರಿ. ನಗು ಬರ್ತೈತಿ ಖರೆ, ಆದ್ರ ಸೇಫ್ಟಿ ವಾಕ್ಯದಾಗ "ಮಾಡಬ್ಯಾಡ್ರಿ" ಇದ್ದದ್ದು ತಿರುಗಿ "ಮಾಡ್ರಿ" ಅಂತ ಆದ್ರ ನಗು ಉಳಿಯಂಗಿಲ್ಲ. ಅದಕ ಆ ಹತ್ತು ಹದಿನೈದು ಶಬ್ದ ಇಂಗ್ಲಿಷ್ ಶಬ್ದವಾಗೇ ಕಲ್ತುಬಿಡ್ರಿ, ಸೇಫ್ ವರ್ಡ್ (ಅಂದ ಕೂಡ್ಲೆ ಆಟ ನಿಲ್ಲಿಸಬೇಕಾದ ಶಬ್ದ), ಲಿಮಿಟ್ (ದಾಟಬಾರದ ಗೆರಿ), ಆಫ್ಟರ್‌ಕೇರ್ (ಮುಗಿದ ಮ್ಯಾಲಿನ ಆರೈಕಿ), ನೆಗೋಷಿಯೇಷನ್ (ಮೊದ್ಲ ಮಾತಾಡ್ಕೊಳ್ಳೋದು), ಡಾಮ್ (ಹುಕುಂ ಮಾಡೋರು), ಸಬ್, ಸ್ವಿಚ್ (ಎರಡೂ ಕಡೆ ಆಡೋರು), ಕನ್ಸೆಂಟ್ (ಒಪ್ಪಿಗಿ). ಹುಡುಕೋವಾಗ ಇವುಗಳ ಜೋಡಿ "ಸೇಫ್ಟಿ", "ರಿಸ್ಕ್", "ಇಂಜುರಿ" ಅಂತ ಒಂದು ಶಬ್ದ ಸೇರಿಸ್ರಿ, ಅರ್ಧ ಜೊಳ್ಳು ಅಲ್ಲೇ ಹಾರಿ ಹೋಗ್ತೈತಿ, ಯಾಕಂದ್ರ ಪೋರ್ನ್ ಬರಿಯೋರು ಗಾಯದ ಬಗ್ಗೆ ಬರಿಯಂಗಿಲ್ಲ.

ನನ್ನ ಕೊಳವಿ ಇದಾ. ಒಂದು ಪೇಜ್ ಓದಿದಾಗ ಒಂದೇ ಪ್ರಶ್ನಿ ಕೇಳ್ಕೊತೀನಿ: ಇದು ಎಲ್ಲಿ ಕೆಡ್ತೈತಿ ಅಂತ ಇಂವ ಹೇಳ್ಯಾನೇನು? ಹೇಳಿದ್ರ ಮುಂದ ಓದ್ತೀನಿ. ಮಜಾ ಅಷ್ಟ ಹೇಳಿದ್ರ ಮುಚ್ಚತೀನಿ.

ಇದು ಈಗಿನ ಕಾಲದ ಅಮೆರಿಕದವ್ರ ಪರೀಕ್ಷೆ ಅಂತ ತಿಳ್ಕೋಬ್ಯಾಡ್ರಿ. ವಾತ್ಸ್ಯಾಯನನ ಕಾಮಸೂತ್ರದಾಗ ಹೊಡೆತದ ಬಗ್ಗೆ ಒಂದು ಅಧ್ಯಾಯನ ಐತಿ, ಅದ್ರಾಗ ಆತ ಹೊಡೆತದ ಹೆಸರು ಹೇಳಿ ಬಿಟ್ಟಿಲ್ಲ, ಯಾವ ಹೊಡೆತದಿಂದ ಯಾರು ಸತ್ರು ಅಂತಾನೂ ಬರದಾನ. ಚೋಳ ರಾಜ ಒಬ್ಬ ಕೀಲ ಅನ್ನೋ ಹೊಡೆತದಿಂದ ಚಿತ್ರಸೇನೆ ಅನ್ನೋಳನ್ನ ಕೊಂದ, ನರದೇವ ಅನ್ನಾಂವ ಗುರಿ ತಪ್ಪಿ ಒಬ್ಬ ನರ್ತಕಿ ಕಣ್ಣು ಕಳದ, ಮತ್ತ ಕುಂತಲದ ಶಾತಕರ್ಣಿ ಶಾತವಾಹನ ಕರ್ತರಿ ಅನ್ನೋ ಹೊಡೆತದಿಂದ ತನ್ನ ರಾಣಿ ಮಲಯವತಿನ್ನ ಕೊಂದ. ಕುಂತಲ ಅಂದ್ರ ಎಲ್ಲೋ ದೂರದ ದೇಶ ಅಲ್ರಿ, ನಮ್ಮ ಕಡೆ ಸೀಮಿನ. ಆಗ ಬಳ್ಳಾರಿ ಜಿಲ್ಲಾದಾಗಿದ್ದ, ಈಗ ವಿಜಯನಗರ ಜಿಲ್ಲಾಕ್ಕ ಹೋದ ಹಿರೇಹಡಗಲಿಯಾಗ ಸಿಕ್ಕ ಪಲ್ಲವರ ತಾಮ್ರ ಶಾಸನದಾಗ ಈ ಸೀಮಿಗೆ ಸಾತಾಹನಿರಟ್ಠ ಅಂತಾನ ಹೆಸರು, ಶಾತವಾಹನರ ನಾಡು ಅಂತ. ಈ ಹೊಡೆತಗಳು ದಕ್ಷಿಣದವ್ರ ಪದ್ಧತಿ, ಕ್ರೂರ, ಬ್ಯಾಡ ಅಂತ ವಾತ್ಸ್ಯಾಯನ ಖಡಕ್ಕಾಗಿ ಹೇಳ್ಯಾನ. ಅಂದ್ರ ನಮ್ಮ ಊರ ರಾಜನ ತಪ್ಪು ಸುಮಾರು ಸಾವಿರದ ಏಳುನೂರು ವರ್ಷದ ಹಿಂದಾನ ಸೇಫ್ಟಿ ನೋಟಿಸ್ ಆಗಿ ಬರದಾಗೈತಿ, ಟೆಲಿಗ್ರಾಂ ಮಾಸ್ಟರ್‌ಗೆ ಇನ್ನೂ ಅದು ಮುಟ್ಟಿಲ್ಲ.

ಇದೇ ಪ್ರಶ್ನಿ ಇಟ್ಕೊಂಡು ಎರಡು ವಿಷಯ ತೂಗಿ ನೋಡೋಣು.

ಮೊದ್ಲನೇದು ಕುತ್ತಿಗಿ. ಕುತ್ತಿಗಿ ಒತ್ತೋದು, ಉಸಿರು ಕಟ್ಟಿಸೋದು ಈಗ ವಿಡಿಯೋದಾಗ ಚಾ ಕುಡದಂಗ ತೋರಸ್ತಾರ. "ಸರಿಯಾದ ಟೆಕ್ನಿಕ್ ಗೊತ್ತಿದ್ರ ಸೇಫ್" ಅಂತ ಯಾವ ಪೇಜ್ ಹೇಳ್ತೈತೋ ಆ ಪೇಜ್ ಪೂರಾ ಬಿಟ್ಟುಬಿಡ್ರಿ, ಅದ್ರಾಗ ಉಳಿದಿದ್ದು ಎಷ್ಟ ಚಂದ ಇರ್ಲಿ. ಮಿದುಳಿಗೆ ರಕ್ತ ಒಯ್ಯೋ ನಾಳಗಳು ಕುತ್ತಿಗಿ ಎರಡೂ ಕಡೆ ಅದಾವ, ಅವು ಒತ್ತಿದ್ರ ಹತ್ತು ಸೆಕೆಂಡ್ ಆಸುಪಾಸಿನಾಗ ಎಚ್ಚರ ತಪ್ಪತೈತಿ, ಸೇಫ್ ವರ್ಡ್ ಹೇಳಾಕ ಬಾಯಿನೂ ಇರಂಗಿಲ್ಲ ಉಸಿರೂ ಇರಂಗಿಲ್ಲ. ರಕ್ತನಾಳದ ಒಳಗೋಡಿ ಹರಿದ್ರ ಅವತ್ತು ಆರಾಮಾಗಿ ಎದ್ದು ಹೋದವ್ರಿಗೆ ಎರಡು ಮೂರು ದಿನ ಬಿಟ್ಟು ಸ್ಟ್ರೋಕ್ ಹೊಡಿಬಹುದು. ಕಿಂಕ್ ಅಂದ್ರ ಇಂಥಾ ಬ್ಯಾರೆ ಥರದ ಆಸಕ್ತಿ, ಆ ಕಿಂಕ್ ಮಂದಿಯೊಳಗ ವರ್ಷಗಟ್ಟಲೆ ಪಾಠ ಹೇಳಿದ ಹಿರಿಯರಾಗ ಎಷ್ಟೋ ಜನ ಇದಕ್ಕ ಸೇಫ್ ದಾರಿನ ಇಲ್ಲ ಅಂತ ಬರದು ಇಟ್ಟಾರ. ಆ ಮಾತು ಹೇಳೋ ಧೈರ್ಯ ಇರೋ ಪೇಜ್ ನಂಬಿಕಿಗೆ ಲಾಯಕ್ಕು.

ಎರಡನೇದು ಹಗ್ಗ. ಇಲ್ಲಿ ಸ್ವಲ್ಪ ಸೂಕ್ಷ್ಮ ಐತಿ, ಅದಕ ಒಳ್ಳೆ ಪೇಜ್‌ಗೂ ಬಾಳ ಒಳ್ಳೆ ಪೇಜ್‌ಗೂ ಇರೋ ಫರಕು ಇಲ್ಲೇ ಗೊತ್ತಾಗ್ತೈತಿ. ಹಗ್ಗದ ಕೆಳಗ ಎರಡು ಬೆರಳು ಹೋಗುವಷ್ಟು ಸಡಿಲ ಇರ್ಲಿ ಅಂತ ಎಲ್ರೂ ಬರೀತಾರ. ತಪ್ಪಲ್ಲ, ಆದ್ರ ಅದು ರಕ್ತ ಓಡಾಟಕ್ಕ ಸಂಬಂಧಪಟ್ಟಿದ್ದು, ನರಕ್ಕ ಅದು ಗ್ಯಾರಂಟಿ ಅಲ್ಲ. ರಟ್ಟಿ ಹೊರಗಡೆ ರೇಡಿಯಲ್ ನರ ಎಲುಬಿಗೆ ಅಂಟ್ಕೊಂಡು ಹೋಗ್ತೈತಿ, ಅಲ್ಲಿ ಹಗ್ಗ ಒತ್ತಿದ್ರ ನೋವು ಇಲ್ದನೂ ಮಣಿಕಟ್ಟು ಜೋತು ಬೀಳ್ತೈತಿ, ಕೈ ಮ್ಯಾಲ ಎತ್ತಾಕ ಬರಂಗಿಲ್ಲ. ಕುಡದು ಕುರ್ಚಿ ಬೆನ್ನಿಗೆ ರಟ್ಟಿ ಜೋತು ಬಿಟ್ಟು ಮಲಗಿದವ್ರಿಗೆ ಮುಂಜಾನಿ ಆಗ್ತೈತಲ್ಲ, ಅದಾ. ಸರಿ ಹೋಗಾಕ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳಗಟ್ಟಲೆ. ಹೊಲಿಗಿ ಮಷಿನ್ ಮ್ಯಾಲ ಕೈ ಇಟ್ಟು ದುಡಿಯೋನಿಗೆ ಎರಡು ತಿಂಗಳು ಕೈ ಬರ್ಲಿಲ್ಲ ಅಂದ್ರ ಮನಿ ನಡಿಯೋದು ಹೆಂಗ, ನನ್ನ ಗೆಳೆಯನಿಗೆ ವಿಷಯ ತಲಿಗೆ ಹೋಗಿದ್ದು ಈ ಮಾತಿನಿಂದ. ಜುಮ್ಮ್ ಅಂದ್ರ, ಬೆರಳು ಮಂದ ಆದ್ರ ಕೂಡ್ಲೆ ಬಿಚ್ಚು, ಗಂಟು ಬಿಚ್ಚಾಕ ಕುಂದ್ರಬ್ಯಾಡ ಕತ್ತರ್ಸು, ಮೊನೆ ಮೊಂಡಿರೋ ಕತ್ತರಿ ಕೈಗೆ ಸಿಗೋ ಹಂಗ ಇಟ್ಕೋ, ಕಟ್ಟಿದವ್ರನ್ನ ಒಬ್ಬರನ್ನ ಬಿಟ್ಟು ರೂಮ್ ಹೊರಗ ಹೋಗಬ್ಯಾಡ, ಯಾರೂ ಇಲ್ಲದಾಗ ತನ್ನನ್ನ ತಾನ ಕಟ್ಕೋಬ್ಯಾಡ. ಇಷ್ಟು ಇಲ್ದ ಗಂಟಿನ ಚಂದದ ಫೋಟೋ ಅಷ್ಟ ಇದ್ರ ಅದು ಪಾಠ ಅಲ್ಲ, ಕ್ಯಾಲೆಂಡರ್.

ಇನ್ನ ಒಪ್ಪಿಗಿ. ಈ ಮಂದಿಯೊಳಗ ಎರಡು ಘೋಷಣೆ ಅದಾವ. ಸೇಫ್, ಸೇನ್, ಕನ್ಸೆನ್ಶುವಲ್ ಅನ್ನೋದು 1983ರಾಗ ನ್ಯೂಯಾರ್ಕಿನ ಒಂದು ಗೇ ಸಂಘಟನೆ ಬರದ ಮಾತು, ಸುರಕ್ಷಿತ ಇರ್ಲಿ, ತಲಿ ನೆಟ್ಟಗ ಇರ್ಲಿ, ಒಪ್ಪಿಗಿ ಇರ್ಲಿ ಅಂತ. ಆಮ್ಯಾಲ 1990ರ ದಶಕದ ಕೊನಿಗೆ ಕೆಲವ್ರು ತಕರಾರು ತಗದ್ರು, ಪೂರಾ ಸೇಫ್ ಅನ್ನೋದು ಯಾವ್ದೂ ಇಲ್ಲ, ಹಂಗ ಹೇಳೋದ ಸುಳ್ಳು, ಅಪಾಯ ಗೊತ್ತಿದ್ದು ಒಪ್ಪೋದು ಅನ್ರಿ ಅಂತ, ಅದು ರ್‍ಯಾಕ್ ಆತು, ರಿಸ್ಕ್ ಅವೇರ್ ಕನ್ಸೆನ್ಶುವಲ್ ಕಿಂಕ್. ನನಗ ಎರಡನೇದು ಹೆಚ್ಚು ಪ್ರಾಮಾಣಿಕ ಅನಸ್ತೈತಿ. ಬೈಕ್ ಹತ್ತೋನಿಗೆ ಬೀಳಂಗಿಲ್ಲ ಅಂತ ಮಾತು ಕೊಡೋಕಿಂತ ಹೆಲ್ಮೆಟ್ ಕೊಡೋದು ಪಾಡು.

ಆದ್ರ ಘೋಷಣೆ ಕಾಪಿ ಹೊಡಿಯೋದು ಸಸಾರ, ಅದಕ ಒಪ್ಪಿಗಿ ಬಗ್ಗೆ ಬರದದ್ದನ್ನ ಆಳಕ್ಕ ಚುಚ್ಚಿ ನೋಡ್ರಿ. ನಡುವ ಬ್ಯಾಡ ಅನ್ನೋ ಹಕ್ಕು ಇಬ್ಬರಿಗೂ ಐತಿ ಅಂತ ಐತೇನು? ಕುಡದಾಗ ಕೊಟ್ಟ ಒಪ್ಪಿಗಿ ಲೆಕ್ಕಕ್ಕಿಲ್ಲ ಅಂತ? ನಿನ್ನೆ ಹೂಂ ಅಂದಿದ್ದು ಇವತ್ತಿಗೆ ನಡಿಯಂಗಿಲ್ಲ ಅಂತ? ಗಂಡ ಹೆಂಡ್ತಿ ಇದ್ರೂ ಕೇಳಬೇಕು ಅಂತ? ಬಾಯಿ ಕಟ್ಟಿದ್ರ ಸೇಫ್ ವರ್ಡ್ ಹೆಂಗ ಹೇಳೋದು ಅಂತ? ಕೊನೇ ಪ್ರಶ್ನಿ ನನಗ ಬಾಳ ಇಷ್ಟ, ಯಾಕಂದ್ರ ಖರೇ ಮಾಡಿ ಗೊತ್ತಿರೋರಿಗೆ ಅಷ್ಟ ಅದಕ ಉತ್ತರ ಬರ್ತೈತಿ: ಕೈಯಾಗ ಒಂದು ಬೀಗದ ಕೈ ಗೊಂಚಲು ಕೊಡೋದು, ಅದು ಕೈಬಿಟ್ಟು ಬಿದ್ದ ಸಪ್ಪಳ ಆದ್ರ ಅಲ್ಲೇ ನಿಲ್ಲಿಸೋದು. ಸೇಫ್ ವರ್ಡ್ ವಿಷಯ ಬಂತು ಅಂತ ಹೇಳ್ತೀನಿ, "ಬ್ಯಾಡ" "ಬಿಡು" ಅನ್ನೋ ಶಬ್ದ ಆಟದಾಗೂ ಬರ್ತಾವ, ಅದಕ ಆ ಹೊತ್ತಿಗೆ ಸಂಬಂಧನ ಇಲ್ಲದ್ದು ಇಟ್ಕೋಬೇಕು. ಟ್ರಾಫಿಕ್ ಲೈಟ್ ಹಂಗ ರೆಡ್, ಯೆಲ್ಲೋ ಅಂತ ಬಾಳ ಕಡೆ ಬಳಸ್ತಾರ, ರೆಡ್ ಅಂದ್ರ ಪೂರಾ ಬಂದ್, ಯೆಲ್ಲೋ ಅಂದ್ರ ಸ್ವಲ್ಪ ತಡಿ. ನಮ್ಮ ಕಡೆಯವ್ರಿಗೆ ಮಂಡಕ್ಕಿ ಅನ್ನೋದೂ ನಡೀತೈತಿ, ಆ ಹೊತ್ತಿನಾಗ ಮಂಡಕ್ಕಿ ನೆನಪು ಮಾಡ್ಕೊಳ್ಳೋರು ಯಾರೂ ಇರಂಗಿಲ್ಲ.

ಒಪ್ಪಿಗಿ ಬಗ್ಗೆ ನಮ್ಮ ಸೀಮಿಯಾಗ ಕುಂತು ಬರಿಯೋವಾಗ ಕೈ ಸ್ವಲ್ಪ ನಡುಗ್ತೈತಿ. ಕೊಪ್ಪಳ, ಬಳ್ಳಾರಿ, ರಾಯಚೂರು, ಈ ಮೂರೂ ಜಿಲ್ಲಾ ಮುತ್ತು ಕಟ್ಟೋ, ಅಂದ್ರ ಹುಡುಗಿನ್ನ ದೇವದಾಸಿ ಮಾಡೋ ಪದ್ಧತಿ ನೋಡ್ಯಾವ, ಹುಡುಗಿ ಪರವಾಗಿ ಮನಿಯವ್ರೂ ದೇವರ ಹೆಸರಿನವ್ರೂ ಹೂಂ ಅಂದುಬಿಡೋದು, ಅದಕ ಸರ್ಕಾರ 1982ರಾಗ ಕಾಯ್ದೆನ ತರಬೇಕಾತು. ಅದಕ "ಸಬ್ ಅಂದ್ರ ಹುಟ್ಟಿದ್ದ ಸೇವಾ ಮಾಡಾಕ", "ಖರೇ ಸಬ್‌ಗೆ ಲಿಮಿಟ್ ಇರಂಗಿಲ್ಲ" ಅಂತ ಯಾವನಾದ್ರೂ ಬರದ್ರ ನನಗ ಅದು ಹೊಸಾ ಮಾತು ಅನ್ಸಂಗಿಲ್ಲ, ಬಾಳ ಹಳೇ ಮಾತಿಗೆ ಕರೇ ಲೆದರ್ ಹೊದ್ದಿಸಿದಂಗ ಅನಸ್ತೈತಿ. ಲಿಮಿಟ್ ಇಲ್ಲ ಅನ್ನೋನು ಅನುಭವಸ್ಥ ಅಲ್ಲ, ಅಪಾಯದಾಂವ.

ಮತ್ತ ಆಫ್ಟರ್‌ಕೇರ್. ಮುಗಿದ ಮ್ಯಾಲ ನೀರು, ಹೊದಿಕಿ, ಮಾತು, ಕೆಲವ್ರಿಗೆ ಒಂದು ಎರಡು ದಿನ ಬಿಟ್ಟು ಮನಸ್ಸು ಕುಸಿಯೋದು, ಇದನ್ನ ಡ್ರಾಪ್ ಅಂತಾರ. ಇದು ಸಬ್‌ಗೆ ಅಷ್ಟ ಅಲ್ಲ, ಡಾಮ್‌ಗೂ ಆಗ್ತೈತಿ ಅಂತ ಬರದಿದ್ರ ಬರದಾಂವ ಮನಷ್ಯಾರ ಜೋಡಿ ಇದ್ದು ಬರದಾನ ಅಂತ ತಿಳ್ಕೋರಿ.

ಬರದಾಂವ ಯಾರು ಅನ್ನೋದು ಮುಂದಿನ ತೊಡಕು. ಇದ್ರಾಗ ಯಾರೂ ಸ್ವಂತ ಹೆಸರಿನಾಗ ಬರಿಯಂಗಿಲ್ಲ, ಅದಕ ಕಾರಣನೂ ಐತಿ, ನೌಕರಿ, ಮನಿ, ಊರು. ಸುಳ್ಳು ಹೆಸರು ಇದ್ದ ಮಾತ್ರಕ್ಕ ಸುಳ್ಳು ಮನಷ್ಯಾ ಅಲ್ಲ. ದೇವಾನಾಂಪ್ರಿಯ ಅನ್ನೋದೂ ಒಂದು ಹ್ಯಾಂಡಲ್‌ನ ಅಲ್ವೇನ್ರಿ, ದೇಶದ ತುಂಬ ಬಂಡೆಗಲ್ಲಿನ ಮ್ಯಾಲ ಆ ಹೆಸರಿನಾಗ ಪೋಸ್ಟ್ ಹಾಕಿದ್ದ, ಯಾರು ಅಂತ ಪಂಡಿತರು ಬ್ಯಾರೆ ಬ್ಯಾರೆ ಕಡೆಯಿಂದ ತಾಳೆ ಹಾಕಿ ಹೇಳ್ತಿದ್ರು, 1915ರಾಗ ರಾಯಚೂರು ಜಿಲ್ಲಾ ಮಸ್ಕಿಯಾಗ ಸಿಕ್ಕ ಶಾಸನದಾಗ ಅಶೋಕ ಅನ್ನೋ ಹೆಸರು ಖುದ್ದ ಕಾಣಸ್ತು, ವಾದ ಮುಗೀತು. ನಮಗ ಮಸ್ಕಿ ಕಲ್ಲು ಸಿಗಂಗಿಲ್ಲ, ತಾಳೆ ಹಾಕೋದು ಒಂದ ದಾರಿ. ಒಂದೇ ಹೆಸರಿನಾಗ ಎಷ್ಟು ವರ್ಷದಿಂದ ಬರೀತಾ ಇದಾರ, ಮೊದ್ಲ ಬರದ ತಪ್ಪನ್ನ ಆಮ್ಯಾಲ ತಿದ್ದ್ಯಾರೇನು, ಬ್ಯಾರೆಯವ್ರು ತಕರಾರು ಮಾಡಿದಾಗ ಉತ್ತರ ಕೊಟ್ರೋ ಬ್ಲಾಕ್ ಮಾಡಿದ್ರೋ. ತಪ್ಪು ಒಪ್ಕೊಂಡ ಒಂದು ಸಾಲು ನೂರು ಬಿರುದಿಗಿಂತ ದೊಡ್ಡದು. "ಗ್ರ್ಯಾಂಡ್ ಮಾಸ್ಟರ್", "ಸರ್ಟಿಫೈಡ್ ಡಾಮ್" ಅನ್ನೋ ಬಿರುದಿಗೆ ಯಾವ ಯೂನಿವರ್ಸಿಟಿನೂ ಇಲ್ಲ, ನಮ್ಮ ಕಡೆ ಕೆಲವು ಡಾಕ್ಟ್ರೇಟ್ ಇದ್ದಂಗ.

ಹಂಗಾದ್ರ ಎಲ್ಲಿಂದ ಶುರು ಮಾಡೋದು ಅಂತ ಕೇಳ್ತೀರಿ. ಹಳೇ ಸಂಘಟನೆಗಳು ಒಂದು ಆಸರಾ. ನ್ಯೂಯಾರ್ಕಿನ ಯೂಲೆನ್‌ಸ್ಪೀಗಲ್ ಸೊಸೈಟಿ 1971ರಿಂದ ಐತಿ, ಸ್ಯಾನ್ ಫ್ರಾನ್ಸಿಸ್ಕೋದ ಸೊಸೈಟಿ ಆಫ್ ಜೇನಸ್ 1974ರಿಂದ. ಅಮೆರಿಕದ್ದ ನ್ಯಾಷನಲ್ ಕೋಅಲಿಷನ್ ಫಾರ್ ಸೆಕ್ಷುವಲ್ ಫ್ರೀಡಂ 1997ರಾಗ ಶುರು ಆತು, ಒಪ್ಪಿಗಿ ಬಗ್ಗೆ ಬಾಳ ಕೆಲಸ ಮಾಡೈತಿ, ಈ ವಿಷಯಕ್ಕ ಮುಖ ಸಿಂಡರಿಸದ ಡಾಕ್ಟರು, ಥೆರಪಿಸ್ಟು, ವಕೀಲರ ಪಟ್ಟಿನೂ ಇಟ್ಟೈತಿ. ನಮ್ಮ ದೇಶದಾಗ ದಿ ಕಿಂಕಿ ಕಲೆಕ್ಟಿವ್ ಅನ್ನೋ ಗುಂಪು ಒಪ್ಪಿಗಿನ ನಡುಗಂಬ ಮಾಡ್ಕೊಂಡು ಮಾತಾಡಿದ್ದು, ಇಲ್ಲಿ ಅತ್ತಿ ಮಾವ, ಬಾಡಿಗಿ ಮನಿ, ಜಾತಿ, ಲಗ್ನ ಇರೋ ಊರಾಗ ಇದು ಹೆಂಗ ಅನ್ನೋದು ಅಮೆರಿಕದವ್ರಿಗಿಂತ ಅವ್ರಿಗೆ ಹೆಚ್ಚು ಗೊತ್ತು. ದೆಹಲಿಯ ತಾರ್ಶಿ 1996ರಿಂದ ಲೈಂಗಿಕ ಆರೋಗ್ಯದ ಬಗ್ಗೆ ಕೆಲಸ ಮಾಡ್ತೈತಿ, 2015ರಾಗ ಶುರು ಆದ ಏಜೆಂಟ್ಸ್ ಆಫ್ ಇಷ್ಕ್ ಪ್ರೀತಿ, ಕಾಮ, ಒಪ್ಪಿಗಿ ಬಗ್ಗೆ ಹಾಡು ಚಿತ್ರ ಮಾಡಿ ಹೇಳ್ತೈತಿ, ಪೂರಾ ಕಿಂಕ್ ಅಲ್ಲ, ಆದ್ರ ತಳಪಾಯ ಹಾಕಾಕ ಪಾಡು.

ಫೆಟ್‌ಲೈಫ್ ಬಗ್ಗೆ ಬ್ಯಾರೆನ ಹೇಳಬೇಕು, ಯಾಕಂದ್ರ ಎಲ್ರೂ ಮೊದ್ಲ ಅದನ್ನ ಹೇಳ್ತಾರ. 2008ರಾಗ ಕೆನಡಾದಾಗ ಶುರು ಆದದ್ದು, ಕಿಂಕ್ ಮಂದಿ ಫೇಸ್‌ಬುಕ್ ಅಂತ ತಿಳ್ಕೋರಿ. ಅದು ಸಂತಿ, ಸಾಲಿ ಅಲ್ಲ. ಅಲ್ಲಿ ಬರದದ್ದನ್ನ ಯಾರೂ ಪರೀಕ್ಷೆ ಮಾಡಿ ಹಾಕಂಗಿಲ್ಲ, ರತ್ನನೂ ಸಿಗ್ತೈತಿ ರದ್ದಿನೂ ಸಿಗ್ತೈತಿ. ಇನ್ನೊಂದು ಮಾತು, ಇಂಥಾಂವ ನನಗ ಹಿಂಗ ಅನ್ಯಾಯ ಮಾಡ್ದ ಅಂತ ಹೆಸರು ಹಾಕಿ ಬರಿಯಾಕ ಅಲ್ಲಿನ ನಿಯಮದಾಗ ಬಾಳ ವರ್ಷ ಅಡ್ಡಿ ಇತ್ತು, ಅದ್ರ ಮ್ಯಾಲ ದೊಡ್ಡ ಜಗಳನೂ ಆತು. ಅದಕ ಒಬ್ಬನ ಪ್ರೊಫೈಲ್ ಮ್ಯಾಲ ಕೆಟ್ಟ ಮಾತು ಇಲ್ಲ ಅಂದ ಮಾತ್ರಕ್ಕ ಆತ ಒಳ್ಳೇಂವ ಅಂತ ಲೆಕ್ಕ ಹಾಕಬ್ಯಾಡ್ರಿ. ಮಂದಿನ್ನ ಮುಖಾಮುಖಿ ನೋಡಬೇಕು ಅಂದ್ರ ಮಂಚ್ ಅನ್ನೋ ಪದ್ಧತಿ ಐತಿ, ಹೋಟೆಲ್‌ನಾಗ ಸಾದಾ ಬಟ್ಟಿ ಹಾಕ್ಕೊಂಡು ಕುಂತು ಚಾ ಕುಡಿಯೋದು ಅಷ್ಟ, ಆಟ ಗೀಟ ಏನಿಲ್ಲ. ಮೊದಲನೇ ಸಲಕ್ಕ ಸೀದಾ ರೂಮಿಗೆ ಬಾ ಅನ್ನೋನ ಜೋಡಿ ಹೋಗಬ್ಯಾಡ್ರಿ, ಹೊಸಪೇಟಿ ಲಾಡ್ಜ್ ಇರ್ಲಿ ಬೆಂಗಳೂರು ಫ್ಲಾಟ್ ಇರ್ಲಿ.

ಇನ್ನ ಸೈನ್ಸ್ ಹೆಸರಿನಾಗ ಬರೋದು. "ಇದು ಮಾನಸಿಕ ರೋಗ" ಅಂತ ಒಂದು ಪೇಜ್, "ಕಿಂಕ್ ಮಾಡೋರು ಎಲ್ಲರಿಗಿಂತ ಆರೋಗ್ಯವಂತರು ಅಂತ ಸಾಬೀತು ಆಗೈತಿ" ಅಂತ ಇನ್ನೊಂದು. ಎರಡನ್ನೂ ಊದಿ ನೋಡ್ರಿ.

ರೋಗದ ಮಾತಿಗೆ ತಾರೀಖು ನೋಡೋದು ಸಾಕು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 2013ರಾಗ ಬಂದಾಗ ಬ್ಯಾರೆ ಥರದ ಆಸಕ್ತಿ ಒಂದು, ಕಾಯಿಲಿ ಇನ್ನೊಂದು ಅಂತ ಗೆರಿ ಎಳೀತು: ತನಗ ಸಂಕಟ ಆಗ್ತಿದ್ರ, ಬದುಕು ಕೆಡ್ತಿದ್ರ, ಇಲ್ಲಾ ಒಪ್ಪದವ್ರಿಗೆ ತ್ರಾಸು ಕೊಟ್ರ ಮಾತ್ರ ಕಾಯಿಲಿ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಐಸಿಡಿ-11ರಾಗ ಸೇಡೋಮೆಸೋಕಿಸಂ ಅನ್ನೋದನ್ನ ರೋಗದ ಪಟ್ಟಿಯಿಂದನ ತಗದುಹಾಕ್ತು, ಅದು 2019ರಾಗ ಒಪ್ಪಿಗಿ ಆಗಿ 2022ರ ಜನವರಿಯಿಂದ ಜಾರಿಗೆ ಬಂತು. ಒಪ್ಪಿಗಿ ಇಲ್ದ ಹಿಂಸಿ ಮಾಡೋ ಕಾಯಿಲಿ ಮಾತ್ರ ಪಟ್ಟಿಯಾಗ ಉಳದೈತಿ. ಈ ಎರಡು ತಾರೀಖಿನ ಹಿಂದ ನಿಂತ ಪೇಜ್ ಹಳೇ ಸಿಲೆಬಸ್ ಓದ್ತಾ ಐತಿ ಅಂತ ಅರ್ಥ.

ಆರೋಗ್ಯವಂತರು ಅನ್ನೋ ಮಾತು ಬಂದದ್ದು 2013ರ ಒಂದು ನೆದರ್ಲೆಂಡ್ಸ್ ಅಧ್ಯಯನದಿಂದ. 902 ಮಂದಿ ಬಿಡಿಎಸ್‌ಎಂನವ್ರು, 434 ಮಂದಿ ಅಲ್ದವ್ರು, ಪ್ರಶ್ನಿ ಕೇಳಿ ತಾಳೆ ನೋಡಿದ್ರು, ಬಿಡಿಎಸ್‌ಎಂನವ್ರ ಮಾನಸಿಕ ಸ್ಥಿತಿ ಕೆಲವು ಅಳತಿಯಾಗ ಪಾಡ ಇತ್ತು. ಖುಷಿ ಸುದ್ದಿನ, ಆದ್ರ ಉತ್ತರ ಕೊಟ್ಟೋರು ತಾವಾಗೇ ನೆಟ್‌ನಾಗ ಮುಂದ ಬಂದೋರು, ಆರಾಮ ಇದ್ದೋರ ಮುಂದ ಬರೋದು ಹೆಚ್ಚು. ಅದಕ ಅದು "ರೋಗ ಅಲ್ಲ" ಅನ್ನೋದಕ್ಕ ಬಲ ಕೊಡ್ತೈತಿ, "ಕಿಂಕ್ ಮಾಡಿದ್ರ ಆರೋಗ್ಯ ಬರ್ತೈತಿ" ಅಂತ ಹೇಳಂಗಿಲ್ಲ. ಅದರ ಪಕ್ಕ 2008ರಾಗ ಪ್ರಕಟ ಆದ ಆಸ್ಟ್ರೇಲಿಯಾದ ಸರ್ವೆ ಇಟ್ಟು ನೋಡ್ರಿ, ಅವ್ರು ಫೋನ್ ನಂಬರ್ ಎತ್ತಿ 19,307 ಮಂದಿನ್ನ ಕೇಳಿದ್ರು, ಲೈಂಗಿಕ ಜೀವನ ಇದ್ದವ್ರೊಳಗ ಹಿಂದಿನ ಒಂದು ವರ್ಷದಾಗ ಬಿಡಿಎಸ್‌ಎಂ ಮಾಡಿದವ್ರು 1.8 ಪರ್ಸೆಂಟ್. ಆರಿಸಿ ಕೇಳೋದಕ್ಕೂ ಬಂದವ್ರನ್ನ ಕೇಳೋದಕ್ಕೂ ಇರೋ ಫರಕು ಗೊತ್ತಾದ್ರ "ಅರ್ಧ ಜಗತ್ತು ಇದನ್ನ ಮಾಡ್ತೈತಿ" ಅನ್ನೋ ಹೆಡ್‌ಲೈನ್‌ಗೆ ಬೀಳಂಗಿಲ್ಲ.

ಕಾನೂನು ಪೇಜ್ ಓದೋವಾಗ ಯಾವ ದೇಶದ್ದು ಅಂತ ಮೊದ್ಲ ನೋಡ್ರಿ. ಇಂಗ್ಲೆಂಡ್‌ನಾಗ 1993ರಾಗ ಬ್ರೌನ್ ಅನ್ನೋ ಕೇಸಿನಾಗ ದೊಡ್ಡೋರು ಒಪ್ಪಿ ಮಾಡಿದ್ರೂ ಗಾಯಕ್ಕ ಒಪ್ಪಿಗಿ ನೆಪ ಅಲ್ಲ ಅಂತ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟೈತಿ. ನಮ್ಮ ದಂಡ ಸಂಹಿತೆಯಾಗ ಬಿಡಿಎಸ್‌ಎಂ ಅನ್ನೋ ಶಬ್ದನ ಇಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ ಪ್ರಕಾರ 18 ದಾಟಿದವ್ರು ಒಪ್ಪಿ ತಗೊಂಡ ಪೆಟ್ಟು ಅಪರಾಧ ಅಲ್ಲ, ಆದ್ರ ಸಾವು ಇಲ್ಲಾ ಭಾರೀ ಗಾಯ ಮಾಡೋ ಉದ್ದೇಶ ಇರಬಾರ್ದು, ಆಗಬಹುದು ಅಂತ ಗೊತ್ತಿದ್ದೂ ಮಾಡಿರಬಾರ್ದು. ಭಾರೀ ಗಾಯ ಅಂದ್ರ ಎಲುಬು ಮುರಿಯೋದು, ಹಲ್ಲು ಬೀಳೋದು, ಹದಿನೈದು ದಿನ ದಿನದ ಕೆಲಸ ಮಾಡಾಕ ಆಗದಂಗ ಆಗೋದು, ಇಂಥವು. ಹೆದರ್ಸಿ ಇಲ್ಲಾ ಮೋಸದಿಂದ ತಗೊಂಡ ಒಪ್ಪಿಗಿ ಒಪ್ಪಿಗಿನ ಅಲ್ಲ. ನಾನು ವಕೀಲ ಅಲ್ಲ, ಕೇಸ್ ಆದ್ರ ವಕೀಲರ ಹತ್ರಾನ ಹೋಗ್ರಿ, ಆದ್ರ "ಇಬ್ರೂ ಸೈನ್ ಮಾಡಿದ ಕಾಂಟ್ರ್ಯಾಕ್ಟ್ ಇದ್ರ ಕೋರ್ಟಿನಾಗ ಏನೂ ಮಾಡಾಕ ಆಗಂಗಿಲ್ಲ" ಅನ್ನೋ ಪೇಜ್ ಶುದ್ಧ ಗಾಳಿ. ಆ ಕಾಂಟ್ರ್ಯಾಕ್ಟ್ ಮಾತಾಡ್ಕೊಳ್ಳಾಕ ಒಂದು ನೆಪ, ಛಾಪಾ ಕಾಗದ ಅಲ್ಲ. ಇನ್ನ ಫೋಟೋ ವಿಡಿಯೋ ಗ್ರೂಪ್‌ಗೆ ಫಾರ್ವರ್ಡ್ ಮಾಡೋ ಚಟ ಇದ್ದೋರಿಗೆ, ಐಟಿ ಕಾಯ್ದೆ 67ಎ ಪ್ರಕಾರ ಮೊದಲನೇ ಸಲಕ್ಕ ಐದು ವರ್ಷದ ತನಕ ಜೈಲು, ಹತ್ತು ಲಕ್ಷದ ತನಕ ದಂಡ. ನೋಡಿದಾಂವ ಅಲ್ಲ, ಹಂಚಿದಾಂವ.

ಈಗ ದುಡ್ಡು. ಗೆಳೆಯನ ಮೂರು ಚಾನೆಲ್‌ನಾಗ ಒಂದು ಮೆಂಬರ್‌ಶಿಪ್‌ಗೆ ಅಂತ ಯುಪಿಐ ಮ್ಯಾಲ ಎರಡು ಸಾವಿರ ಕೇಳಿತ್ತು, ಇಂವ ಕೊಟ್ಟಿದ್ದ. ಕೊಟ್ಟ ಕೂಡ್ಲೆ ಆ ಕಡೆಯವ್ರಿಗೆ ಬ್ಯಾಂಕಿನಾಗಿರೋ ಖರೇ ಹೆಸರು ಹೋತು. ಎರಡು ದಿನ ಬಿಟ್ಟು ವಿಡಿಯೋ ಕಾಲ್‌ಗೆ ಬಾ ಅಂದ್ರು, ಪುಣ್ಯಕ್ಕ ಅವತ್ತು ಯೂನಿಟ್‌ನಾಗ ಓವರ್‌ಟೈಮ್ ಇತ್ತು, ಹೋಗ್ಲಿಲ್ಲ. ಹೋಗಿದ್ರ ಮುಂದಿನ ಕಥಿ ಎಲ್ಲರಿಗೂ ಗೊತ್ತು, ಸ್ಕ್ರೀನ್ ರೆಕಾರ್ಡಿಂಗ್, ನಿನ್ನ ಅತ್ತಿ ಮನಿಗೆ ಕಳಸ್ತೀನಿ ಅನ್ನೋ ಮೆಸೇಜು. ಹಂಗಾದ್ರ ಒಂದು ರೂಪಾಯಿನೂ ಕೊಡಬ್ಯಾಡ್ರಿ, ಒಮ್ಮೆ ಕೊಟ್ರ ಮತ್ತ ಕೇಳ್ತಾರ. ಸ್ಕ್ರೀನ್‌ಶಾಟ್ ತಗದಿಡ್ರಿ, ನಾಚಿಕಿಯಿಂದ ಚಾಟ್ ಅಳಿಸಬ್ಯಾಡ್ರಿ, 1930ಕ್ಕ ಫೋನ್ ಮಾಡ್ರಿ, ಇಲ್ಲಾ ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಾಗ ದೂರು ಹಾಕ್ರಿ. ಫೋಟೋ ಹರಡೋ ಭಯ ಇದ್ರ ಸ್ಟಾಪ್ ಎನ್‌ಸಿಐಐ ಅನ್ನೋ ಉಚಿತ ಸೇವಾ ಐತಿ, 18 ದಾಟಿದವ್ರಿಗೆ, 2021ರ ಕೊನಿಗೆ ಬಂತು. ಫೋಟೋ ಅವ್ರಿಗೆ ಕಳಸೋದು ಬ್ಯಾಡ, ನಿಮ್ಮ ಫೋನ್‌ನಾಗಾನ ಅದರ ಒಂದು ಬೆರಳಚ್ಚಿನಂಥಾ ನಂಬರ್ ಮಾಡಿ ಅದನ್ನ ಅಷ್ಟ ಒಯ್ತೈತಿ, ಒಪ್ಪಂದ ಇರೋ ಕಂಪನಿಗಳು ಆ ಫೋಟೋನ ತಡೀತಾವ.

ಸಣ್ಣ ಊರಿನ ಮಾತು ಬ್ಯಾರೆ. ಫೋನ್ ಹೆಂಡ್ತಿ ಮಕ್ಕಳು ಎಲ್ರ ಕೈಯಾಗೂ ಇರ್ತೈತಿ, ಕೆಟ್ರ ಬಜಾರದಾಗಿನ ರಿಪೇರಿ ಅಂಗಡಿಗೆ ಪಾಸ್‌ವರ್ಡ್ ಸಹಿತ ಕೊಟ್ಟು ಬರ್ತೀವಿ. ಅದಕ ಬ್ಯಾರೆ ಇಮೇಲ್ ಇಟ್ಕೋರಿ, ಸ್ವಂತ ನಂಬರ್ ಕೊಟ್ಟು ಅಕೌಂಟ್ ಮಾಡಬ್ಯಾಡ್ರಿ, ಕಾಂಟ್ಯಾಕ್ಟ್ ಸಿಂಕ್ ಬಂದ್ ಮಾಡ್ರಿ, ಇಲ್ಲಾಂದ್ರ ನಿಮ್ಮ ಕಿಂಕ್ ಅಕೌಂಟ್ ನಿಮ್ಮ ಸೋದರಮಾವನಿಗೆ "ಇವರು ನಿಮಗ ಪರಿಚಯ ಇರಬಹುದು" ಅಂತ ಹೋಗಿ ಕುಂದ್ರತೈತಿ. ಮುಖ ಇರೋ ಫೋಟೋ ಹಾಕಬ್ಯಾಡ್ರಿ, ಕಿಟಕಿಯಾಗ ಕೋಟೆ ಗುಡ್ಡ ಕಾಣೋ ಫೋಟೋನೂ ಬ್ಯಾಡ, ಬಳ್ಳಾರಿಯವ್ರಿಗೆ ಆ ಗುಡ್ಡ ಕಂಡ್ರ ಓಣಿ ಸಹಿತ ಗೊತ್ತಾಗ್ತೈತಿ.

ಓದೋದ್ರಿಂದ ಆಗದ್ದು ಕೆಲವು ಅದಾವ. ಮನಸ್ಸಿನಾಗ ತಪ್ಪು ಮಾಡ್ದಂಗ ಕೊರಿತಿದ್ರ, ಇಲ್ಲಾ ಮನಿಯಾಗ ಕಿಂಕ್ ಹೆಸರಿನಾಗ ಹೊಡೆತ ಬೀಳ್ತಿದ್ರ ಪೇಜ್ ಹುಡುಕಬ್ಯಾಡ್ರಿ, ಮನಷ್ಯಾರನ್ನ ಹುಡುಕ್ರಿ. ಹೊಡೆತ ಬೀಳೋರಿಗೆ 181 ಮಹಿಳಾ ಸಹಾಯವಾಣಿ, ತುರ್ತು ಇದ್ರ 112. ಮನಸ್ಸಿನ ಮಾತಿಗೆ ಟೆಲಿ ಮಾನಸ್ 14416, 2022ರ ಅಕ್ಟೋಬರ್‌ನಿಂದ ಐತಿ, ದುಡ್ಡಿಲ್ಲ, ಕನ್ನಡದಾಗ ಮಾತಾಡಬಹುದು. ಜಿಲ್ಲಾ ಆಸ್ಪತ್ರಿ ಮನೋವೈದ್ಯರ ಹತ್ರ ಹೋಗಾಕ ನಾಚಿಕಿ ಬರ್ತೈತಿ ಅನ್ನೋರಿಗೆ ಒಂದು ಮಾತು, ಊರೂರಿಗೆ ಮಾನಸಿಕ ಆರೋಗ್ಯ ಮುಟ್ಟಸಬಹುದು ಅಂತ ನಿಮ್ಹಾನ್ಸ್‌ನವ್ರು 1985ರಿಂದ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲಾದಾಗಾನ, ಆ ಬಳ್ಳಾರಿ ಮಾದರಿ ನೋಡೇ 1996ರಾಗ ದೇಶಕ್ಕ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಡಾಕ್ಟರ್ ಮುಂದ ಕುಂತಾಗ ಸೀದಾ ಕೇಳ್ರಿ, ನೀವು ಇದನ್ನ ರೋಗ ಅಂತೀರೇನು, ಐಸಿಡಿ-11ರಾಗ ತಗದಾರಲ್ಲ ಅಂತ. ಬೈದು ಕಳಿಸಿದ್ರ ಇನ್ನೊಬ್ರನ್ನ ನೋಡ್ರಿ. ರಟ್ಟಿ ಜೋಮು ಹಿಡದು ಹೋದಾಗಂತೂ ಕಾರಣ ಮುಚ್ಚಿಡಬ್ಯಾಡ್ರಿ, ಹಗ್ಗದಿಂದ ಆತು ಅಂದ್ರ ಯಾವ ನರ ಅಂತ ಅವ್ರಿಗೆ ಬೇಗ ಗೊತ್ತಾಗ್ತೈತಿ.

ಗೆಳೆಯನಿಗೆ ಹಗ್ಗದ ಹೆಸರು ನಾನು ಅವತ್ತು ಹೇಳ್ಲಿಲ್ಲ. ನಾಕು ಲಿಂಕ್ ಕಳಿಸಿದೆ, ಮೊದ್ಲ ಆಕಿ ಓದ್ಲಿ, ಆಮ್ಯಾಲ ನೀನು ಅಂದೆ. ಹದಿನೈದು ದಿನ ಬಿಟ್ಟು ಮೆಸೇಜ್ ಹಾಕಿದ್ದ, ಆಕಿ ಓದಿ ನೋಟ್‌ಬುಕ್‌ನಾಗ ಹನ್ನೊಂದು "ಇಲ್ಲ" ಬರದಾಳ, ಎರಡು "ನೋಡೋಣು", ಒಂದು "ಹೂಂ". ಆ ಒಂದಕ್ಕ ಹಗ್ಗ ಬೇಕಾಗಿಲ್ವಂತ.